ಸ್ಟಾಫ್ ರೂಮಿನಲ್ಲಿ ಬಿದ್ದ ಮಂಜು

ಚನ್ನಗಿರಿಯಲ್ಲಿ ಡ್ರಾಯಿಂಗ್ ಟೀಚರ್ ಆದವಳಿಗೆ ಇಂಥ ಪೇಚಾಟ ತಪ್ಪಿದ್ದಲ್ಲ. ಲೆಕ್ಕ ತಪ್ಪಿದ್ರೆ ಜನ ಸುಮ್ಮನಿರ್ತಾರೆ, ಚಿತ್ರ ಕಂಡರೆ ಮಾತ್ರ ಎಲ್ಲರಿಗೂ ಬಾಯಿ ಬರ್ತದೆ.

ಸ್ಟಾಫ್ ರೂಮಿನ ಗೋಡೆಗೆ ನಾನೊಂದು ಚಿತ್ರ ಹಾಕಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ಯಾವನೋ ಪುಣ್ಯಾತ್ಮ ಬರೆದ ಚಳಿಗಾಲದ ಪಟ್ಟಣ, ಅದರ ಪ್ರಿಂಟು. ಬೀದಿಯೆಲ್ಲಾ ಮಂಜು, ಮನೆಗಳಿಂದ ಹೊಗೆ, ಕಪ್ಪು ಕೋಟಿನ ಗಂಡಸರು ತಲೆ ತಗ್ಗಿಸಿ ಹೋಗ್ತಿದ್ದಾರೆ. ನನಗೆ ಅದಂದ್ರೆ ಪ್ರಾಣ.

ಸುಣ್ಣ

ಹೊಸದಾಗಿ ಬಂದ ಹೆಡ್ ಮಾಸ್ಟರು ಅದರ ಮುಂದೆ ನಿಂತರು. “ಇದೇನ್ರೀ ಮೇಡಂ, ಗೋಡೆಗೆ ಬಳಿಯೋ ಸುಣ್ಣಾನ ಬೀದಿಗೆ ಚೆಲ್ಲಿದ್ದಾರೆ?”

“ಅದು ಚಳಿಗಾಲ ಸರ್.”

“ಇಷ್ಟು ಮಂಕಾಗಿರೋದು ಯಾಕೆ? ಶನಿವಾರ ತೆಗೆಸಿ, ಅಲ್ಲಿ ಟೈಮ್ ಟೇಬಲ್ ಹಾಕಾಣ.”

ನನಗೆ ಸಿಟ್ಟು ನೆತ್ತಿಗೇರಿತು. “ಎಲ್ಲರಿಗೂ ಇಷ್ಟ ಐತೆ ಸರ್” ಅಂತ ಒಂದು ಸುಳ್ಳು ಬಿಟ್ಟೆ.

“ಹೌದಾ? ನಿಮ್ಮನ್ನ ಬಿಟ್ಟು ಇನ್ನೊಬ್ಬರು ಯಾರಾದ್ರೂ ‘ಇರಲಿ’ ಅಂದ್ರೆ ಚಿತ್ರ ಇರಲಿ. ಇಲ್ದಿದ್ರೆ ನಿಮ್ಮ ಚಳಿಗಾಲಾನ ಮನೆಗೆ ತಗೊಂಡೋಗ್ರಿ, ಫ್ಯಾನ್ ಹಾಕೋದು ತಪ್ಪುತೈತೆ.”

ಹೊಗೆ

ಸೊಕ್ಕೆ ಊರಿನ ಕಡೆಯ ಗಣಿತದ ಮೇಷ್ಟ್ರನ್ನ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಎಲ್ಲಾ ಮನೇಲೂ ಹೊಗೆ ಏಳ್ತಾ ಐತೆ. ಅಂದ್ರೆ ಎಲ್ಲಾ ಕಡೆ ಒಲೆ ಹಚ್ಚವ್ರೆ. ಊರಿಗೇ ಹಬ್ಬ!”

“ಹಬ್ಬ ಆದ್ರೆ ಗಂಡಸರು ಯಾಕ್ರೀ ಹಿಂಗೆ ತಲೆ ತಗ್ಗಿಸ್ಕೊಂಡು ಹೋಗ್ತಾರೆ?”

“ಹೆಂಡ್ತಿ ತವರಿನೋರು ಊಟಕ್ಕೆ ಬಂದಿರ್ತಾರಲ್ಲ ಮೇಡಂ!”

“ಸರಿ, ಚಿತ್ರ ಇರಲಿ ಅಂತೀರಾ?”

“ಬೇಡ್ರಿ. ದಿನಾ ನೋಡಿದ್ರೆ ನಮ್ಮ ಮಾವ ನೆನಪಾಗ್ತಾರೆ.”

ಮಂಜು

ಶನಿವಾರ ಬಂದೇಬಿಟ್ಟಿತು. ಹೊನ್ನಾಳಿಯಿಂದ ಹೆಡ್ ಮಾಸ್ಟರ ತಾಯಿ ಮಗನಿಗೆ ರೊಟ್ಟಿ ಬುತ್ತಿ ತಂದಿದ್ದರು. ಮಗ ಕ್ಲಾಸಿನಲ್ಲಿದ್ದರು, ಅಜ್ಜಿಯನ್ನ ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ಅಜ್ಜಿಯ ಕಣ್ಣು ಚಿತ್ರದ ಮೇಲೆ ಹೋಯ್ತು.

“ಬೀದಿ ಯಾಕವ್ವಾ ಹಿಂಗೈತೆ?”

ನನಗೆ ಕೊನೇ ಆಸೆ. ಉತ್ಸಾಹದಿಂದ ಶುರು ಮಾಡಿದೆ. “ಮಂಜು ಬಿದ್ದು ಅಜ್ಜಿ, ಹಿಂಗಾಗಿರೋದು. ಚಳಿ ಜಾಸ್ತಿಯಾದ್ರೆ ಮಂಜು ಬೀದೀಲಿ ಬೀಳೋದು ಅಲ್ಲಿ ಮಾಮೂಲು. ಬೆಳಗಾಗೋವರೆಗೂ ಯಾರೂ ಮುಟ್ಟಲ್ಲ. ಆಮೇಲೆ ಸಲಿಕೆ ತಂದು ಪಕ್ಕಕ್ಕೆ ತಳ್ಳಬೇಕು.”

ಅಜ್ಜಿ ಧಡಕ್ಕನೆ ಎದ್ದು ನಿಂತರು. “ಬಾಯಿ ಮುಚ್ಚವ್ವಾ! ನನ್ನ ಮಂಜು ಅಂಥೋನಲ್ಲ! ಅವ್ನು ಒಂದು ತೊಟ್ಟೂ ಕುಡಿಯಲ್ಲ!”

ಬಾಗಿಲಲ್ಲಿ ಹೆಡ್ ಮಾಸ್ಟರು ನಿಂತಿದ್ದರು. ಅವರೆದುರು ಉಸಿರು ಬಿಡಾಕೂ ಹೆದರ್ತಿದ್ವಿ, ಅಂಥವರು ಮನೇಲಿ ಮಂಜು! ಗಣಿತದ ಮೇಷ್ಟ್ರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಚಿತ್ರದ ಕಥೆ ಮುಗೀತು ಅಂದ್ಕೊಂಡೆ.

ಅದು ಮುಗಿಲಿಂದ ಬೀಳೋ ಮಂಜು ಅಂತ ಬಿಡಿಸಿ ಹೇಳಿದ ಮೇಲೆ ಅಜ್ಜಿ ಕಣ್ಣಲ್ಲಿ ನೀರು ಬರೋಹಂಗೆ ನಕ್ಕರು. ಹತ್ತಿರ ಹೋಗಿ ಚಿತ್ರವನ್ನ ಸವರಿದರು. “ಎಷ್ಟು ಬೆಳ್ಳಗೈತೆ! ನನ್ನ ಮಗಂದೇ ಹೆಸರು. ಇದು ಇಲ್ಲೇ ಇರ್ಲಪ್ಪಾ, ಯಾರೂ ಮುಟ್ಟಬೇಡ್ರಿ.”

ಹೆಡ್ ಮಾಸ್ಟರು ಬುತ್ತಿ ಇಸ್ಕೊಂಡು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಇರಲಿ ಬಿಡ್ರೀ ಮೇಡಂ. ಆದ್ರೆ ಮಕ್ಕಳಿಗೆ ಅದನ್ನ ಹಿಮ ಅಂತಾನೇ ಹೇಳ್ಕೊಡ್ರಿ.”