ಬಕೆಟ್ ಗುರುತಿನ ದನದ ಡಾಕ್ಟರು

ಮನುಷ್ಯ ಒಮ್ಮೆ ಚುನಾವಣೆಗೆ ನಿಂತನೆಂದರೆ, ಅವನು ಬೇಡವೆಂದರೂ ನಗುವಂಥ ಸಂಗತಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ನಾನು ವಿಧಾನಸಭೆಗೆ ನಿಂತದ್ದು ಒಂದೇ ಸಲ. ಆದರೆ ಅದಕ್ಕೂ ಹಿಂದಿನ ಮೂವತ್ತು ವರ್ಷದ ನೌಕರಿಯಲ್ಲಿ ಆಗದಷ್ಟು ಫಜೀತಿ ಆ ಹದಿನೈದು ದಿನದ ಪ್ರಚಾರದಲ್ಲಿ ಆಯಿತು. ಈಗಲೂ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರು ಮೊದಲು ನಗುತ್ತಾರೆ, ಆಮೇಲೆ ನಮಸ್ಕಾರ ಮಾಡುತ್ತಾರೆ.

೧. ನಿಲ್ಲರಿ ಅಂದವರು

ನಾನು ದನದ ಡಾಕ್ಟರು. ಸುರಪುರ ತಾಲೂಕಿನ ಸರ್ಕಾರಿ ದನದ ದವಾಖಾನೆಯಲ್ಲಿ ಬಹಳ ವರ್ಷ ಇದ್ದು, ನಿವೃತ್ತಿಯಾಗಿ ಆರು ತಿಂಗಳಾಗಿತ್ತು. ಆಗ ನಮ್ಮ ಕಡೆ ಕಾಲುವೆ ಬಂದು ಕೆಲವು ವರ್ಷ ಕಳೆದಿದ್ದವು. ಕಾಲುವೆಯ ಮೇಲಿನ ಊರುಗಳವರು ಜೋಳ ಬಿಟ್ಟು ಭತ್ತ ಹಚ್ಚಿದ್ದರು. ಅವರ ಗದ್ದೆ ಕುಡಿದು ಉಳಿದರೆ ಕೆಳಗಿನ ಊರುಗಳಿಗೆ ನೀರು. ಉಳಿಯುತ್ತಿರಲಿಲ್ಲ. ಕಟ್ಟಕಡೆಯ ಊರಲ್ಲಿ ಕಲ್ಲು ಹಾಸಿದ ಕಾಲುವೆ ಇತ್ತು, ಕಬ್ಬಿಣದ ಗೇಟು ಇತ್ತು, ಗೇಟಿಗೆ ಬೀಗವೂ ಇತ್ತು. ನೀರೊಂದು ಇರಲಿಲ್ಲ. ಮಂದಿ ಅದರೊಳಗೆ ಮೆಣಸಿನಕಾಯಿ ಒಣಗಿಸುತ್ತಿದ್ದರು.

ಆ ಊರಿನ ಹಿರಿಯರೊಬ್ಬರು ಒಂದು ದಿನ ಹನ್ನೊಂದು ಮಂದಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬಿಳಿ ರುಮಾಲಿನ ಎತ್ತರದ ಆಳು, ಮಾತು ಕಡಿಮೆ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಅಂದರು, "ಡಾಕ್ಟ್ರ ಸಾಹೇಬ್ರ, ಈ ಸಲ ಎಲೆಕ್ಷನ್ನಿಗೆ ನೀವು ನಿಲ್ಲಬೇಕ್ರಿ."

"ನಾನ್ಯಾಕ್ರಿ?"

"ಉಳದವ್ರು ನಮ್ಮ ಊರಿಗಿ ಐದು ವರ್ಷಕ್ಕ ಒಮ್ಮಿ ಬರ್ತಾರ. ನೀವು ಎಮ್ಮಿ ಈದಾಗೆಲ್ಲ ಬಂದೀರಿ. ನಮ್ಮ ನೀರಿನ ಮಾತು ಅಲ್ಲಿ ಹೋಗಿ ಹೇಳವ್ರು ಒಬ್ಬರು ಬೇಕ್ರಿ."

ಅವರು ಹೇಳಿದ್ದು ಸುಳ್ಳಲ್ಲ. ಒಣಗಿದ ಹತ್ತಿ ಗಿಡವನ್ನು ಕಿತ್ತು ದನಕ್ಕೆ ಹಾಕುವುದನ್ನು ಆ ಊರಲ್ಲಿ ನಾನೇ ನೋಡಿದ್ದೆ. ಮನಸ್ಸು ಕರಗಿತು. ಅದರ ಜೊತೆಗೆ ಎದೆಯೂ ಸ್ವಲ್ಪ ಉಬ್ಬಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದೆ, "ನೋಡು, ಮೂವತ್ತು ವರ್ಷದಾಗ ನಾನು ನೋಡಿದ ಒಂದು ಪೇಷಂಟೂ ನನ್ನ ಮ್ಯಾಲ ತಕರಾರ ಮಾಡಿಲ್ಲ. ಅಂಥಾ ಹೆಸರು ಗಳಿಸೀನಿ."

ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅವಕ್ಕ ಮಾತು ಬಂದಿದ್ರ ಗೊತ್ತಾಗ್ತಿತ್ತು," ಅಂದಳು.

೨. ಗುರುತು

ನಾಮಪತ್ರ ಹಾಕಿದ ಮೇಲೆ ಪಕ್ಷೇತರರಿಗೆ ಗುರುತು ಹಂಚುವ ದಿನ ಬಂತು. ಚುನಾವಣೆ ಸಾಹೇಬರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ನಾನು ನೆಟ್ಟಗೆ ಹೋಗಿ, "ನನಗ ಎತ್ತು ಕೊಡ್ರಿ. ಇಲ್ಲಾಂದ್ರ ಆಕಳ. ಅದೂ ಇಲ್ಲಾಂದ್ರ ಎಮ್ಮಿ ಆದ್ರೂ ನಡೀತದ," ಅಂದೆ.

"ಪ್ರಾಣಿಗಳ ಗುರುತು ಈಗ ಯಾವುದನ್ನೂ ಹೊಸದಾಗಿ ಕೊಡೋದಿಲ್ಲ ಡಾಕ್ಟ್ರೇ," ಅಂದರು ಅವರು.

ಇಡೀ ಜೀವನ ಪ್ರಾಣಿಗಳ ಸೇವೆ ಮಾಡಿದವನು ನಾನು. ನಾನು ನಿಲ್ಲುವ ಹೊತ್ತಿಗೇ ಸರ್ಕಾರ ಅವನ್ನೆಲ್ಲ ಕೊಟ್ಟಿಗೆಗೆ ಕಟ್ಟಿತ್ತು. "ಮತ್ತೇನವ?" ಅಂತ ಕೇಳಿದೆ. ಅವರು ಪಟ್ಟಿ ಮುಂದೆ ಹಿಡಿದರು. ನನ್ನ ಪಾಳಿ ಬರುವ ಹೊತ್ತಿಗೆ ದೋಣಿ ಮತ್ತು ಬಕೆಟ್ ಎರಡೇ ಉಳಿದಿದ್ದವು. ನೀರಿಲ್ಲದ ಊರಿಗೆ ದೋಣಿ ತೆಗೆದುಕೊಂಡು ಹೋದರೆ ಮಂದಿ ಹೊಡೆಯುತ್ತಾರೆಂದು ಹೆದರಿ ಬಕೆಟ್ ಹಿಡಿದೆ.

ಮರುದಿನವೇ ಎದುರಾಳಿ ಕಡೆಯವರು ಊರೂರಿಗೆ ಹೋಗಿ ಒಂದೇ ಮಾತು ಹೇಳತೊಡಗಿದರು: "ಡಾಕ್ಟರು ಕಾಲುವಿ ನೀರು ತರ್ತೀನಿ ಅಂದಿದ್ರಲ್ಲ, ತರಾಕ ಹೊಂಟಾರ. ಬಕೀಟ ತಗೊಂಡಾರ."

೩. ಕಕ್ಕೇರಾದ ಪ್ರಚಾರ

ಮೊದಲ ದಿನದ ಪ್ರಚಾರ ಕಕ್ಕೇರಾದಲ್ಲಿ. ಬಾಡಿಗೆ ಜೀಪು, ಅದರ ಮೇಲೆ ಹಗ್ಗ ಕಟ್ಟಿ ನೇತು ಹಾಕಿದ ಒಂದು ಬಕೆಟು, ಕೆಳಗೆ ಕೈಮುಗಿದ ನಾನು. ಮೊದಲ ಮನೆಯ ಮುಂದೆ ಒಬ್ಬ ಹೆಣ್ಣುಮಗಳು ಅಂಗಳ ಗುಡಿಸುತ್ತಿದ್ದಳು.

"ಅಕ್ಕಾರ, ನಮಸ್ಕಾರ್ರಿ," ಅಂದೆ.

ಅವಳು ನನ್ನ ಮುಖ ನೋಡಿ, "ದೇವರ ಬಂದಂಗ ಬಂದ್ರಿ ನೋಡ್ರಿ. ಸ್ವಲ್ಪ ತಡೀರಿ," ಎಂದು ಕಸಬರಿಗೆ ಬಿಟ್ಟು ಒಳಗೆ ಹೋದಳು. ಆರತಿ ತರುತ್ತಾಳೆಂದು ನಾನು ಟೋಪಿ ಸರಿ ಮಾಡಿಕೊಂಡೆ. ಅವಳು ಎಮ್ಮೆ ತಂದಳು.

"ನಿನ್ನಿಯಿಂದ ಮೇವು ಮುಟ್ಟಿಲ್ರಿ."

ಎಮ್ಮೆಯ ಹೊಟ್ಟೆ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮುಟ್ಟಿ ನೋಡಿದೆ, ಬಾಯಿ ತೆರೆಸಿದೆ, ಎಣ್ಣೆ ಕುಡಿಸಲು ಹೇಳಿದೆ. ಅಷ್ಟು ಹೊತ್ತಿಗೆ ಸುದ್ದಿ ಓಣಿ ತುಂಬ ಹರಡಿತ್ತು. ಕೆಚ್ಚಲು ಬಾವಿನ ಆಕಳು, ಕುಂಟುವ ಎತ್ತು, ಗಬ್ಬ ನಿಂತಿದೆಯೋ ಇಲ್ಲವೋ ಗೊತ್ತಿಲ್ಲದ ಎಮ್ಮೆಗಳು, ಎಲ್ಲವೂ ಜೀಪಿನ ಹಿಂದೆ ಸಾಲುಗಟ್ಟಿದವು. ಹಗ್ಗಕ್ಕೆ ಕಟ್ಟಿದ್ದ ಬಕೆಟನ್ನು ಯಾರೋ ಬಿಚ್ಚಿ ನನಗೆ ಕೈ ತೊಳೆಯಲು ನೀರು ತಂದಿಟ್ಟರು. ಮಧ್ಯಾಹ್ನವಾದರೂ ನಾನು ಓಟಿನ ಮಾತು ಎತ್ತಿರಲಿಲ್ಲ.

ಅದೇ ದಾರಿಯಲ್ಲಿ ದೊಡ್ಡ ಪಾರ್ಟಿಯ ಅಭ್ಯರ್ಥಿಯ ಮೂರು ಜೀಪುಗಳು ಬಂದವು. ಅವರು ದೂರದಿಂದ ಗುಂಪು ಕಂಡು ಗಾಬರಿಯಾದರಂತೆ. ಜೀಪು ನಿಲ್ಲಿಸಿ ಇಳಿದು ನಡೆದು ಬಂದರು. ನಾನು ಒಂದು ಹೋರಿಯ ಗೊರಸು ಹಿಡಿದು ಕೂತಿದ್ದೆ. ಅವರು ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಬಗ್ಗಿ ನನ್ನ ಕಿವಿಯಲ್ಲಿ ಅಂದರು, "ಡಾಕ್ಟ್ರ, ಜಗಳ ಏನಿದ್ರೂ ಪಾರ್ಟಿದು. ನಮ್ಮ ಮನಿ ಬಿಳಿ ಎತ್ತು ನಾಕು ದಿನದಿಂದ ಕುಂಟಾಕತ್ತದ. ಸಂಜಿಕ ಒಂದೀಟ ಬಂದು ಹೋಗ್ರಿ."

ಹೋದೆ. ಗೊರಸಿನಲ್ಲಿ ಜಾಲಿಮುಳ್ಳು ಮುರಿದುಕೊಂಡಿತ್ತು, ತೆಗೆದೆ. ಎತ್ತು ನನಗೆ ಒಂದು ಒದೆ ಕೊಟ್ಟಿತು. ಇಡೀ ಚುನಾವಣೆಯಲ್ಲಿ ಎದುರಾಳಿ ಕಡೆಯಿಂದ ನನ್ನ ಮೇಲೆ ನಡೆದ ಹಲ್ಲೆ ಅದೊಂದೇ.

೪. ತಿಂಥಣಿಯ ಭರ್ಜರಿ ಪ್ರದರ್ಶನ

ಮೈಕಿನಲ್ಲಿ ಕೂಗಲು ಒಬ್ಬರು ಬೇಕಾಗಿತ್ತು. ಸುರಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಎರಡರಲ್ಲೂ ಗಂಟಲು ಗಂಟೆ ಹೊಡೆದಂತೆ. ಹಿಂದೆ ಟೆಂಟ್ ಸಿನಿಮಾದವರಿಗಾಗಿ ಟಾಂಗಾದಲ್ಲಿ ಕೂತು ಬಹಳ ವರ್ಷ ಕೂಗಿದವರು. ನನ್ನ ಮೇಲಿನ ವಿಶ್ವಾಸಕ್ಕೆ ಅಂಗಡಿ ಮುಚ್ಚಿ ಬಂದರು.

ತಿಂಥಣಿಯಲ್ಲಿ ಸಂಜೆ ಸಭೆ. ಅವರು ಬೆಳಗ್ಗೆಯೇ ಜೀಪಿನಲ್ಲಿ ಹೋಗಿ ಹೊಳೆದಂಡೆಯ ಊರುಗಳಲ್ಲೆಲ್ಲ ಕೂಗಿ ಬಂದರು. ಸಂಜೆ ನಾನು ಹೋಗಿ ನೋಡಿದರೆ ಕಣ್ಣಿಗೆ ನಂಬಿಕೆ ಬರಲಿಲ್ಲ. ಬಯಲು ತುಂಬ ಜನ. ಚಾಪೆ ಹಾಸಿಕೊಂಡು, ಶೇಂಗಾ ಬಿಡಿಸುತ್ತ, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಶಿಸ್ತಾಗಿ ಕೂತಿದ್ದಾರೆ. ನಾನು ಕಾಲುವೆಯ ಕಷ್ಟ, ಗೇಟಿನ ಕಷ್ಟ, ಕೆಳಗಿನ ಊರುಗಳ ಕಷ್ಟ ಎಲ್ಲ ಹೇಳಿದೆ. ಅರ್ಧ ತಾಸು ಒಬ್ಬರೂ ಎದ್ದು ಹೋಗಲಿಲ್ಲ. ಭಾಷಣ ಮುಗಿಸಿ ಕೈಮುಗಿದೆ. ಆಗಲೂ ಯಾರೂ ಏಳಲಿಲ್ಲ.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಸಮಾಧಾನದಿಂದ ಕೇಳಿದಳು, "ಅಲ್ಲೋ ಯಪ್ಪಾ, ಅಡ್ವಟೈಜು ಆಯ್ತಲ್ಲ. ಪಿಚ್ಚರ ಯಾವಾಗ ಬಿಡ್ತೀರಿ?"

ನಾನು ಸಾಹೇಬರ ಕಡೆ ತಿರುಗಿದೆ. "ಏನಂತ ಕೂಗಿ ಬಂದೀರಿ?"

ಅವರು ನೆಲ ನೋಡಿದರು. "ಕೂಗೂದು ಸರಿಯಾಗೇ ಕೂಗೀನ್ರಿ. ಡಾಕ್ಟರ್ ಸಾಹೇಬರು ಬರ್ತಾರ, ಬಕೀಟ ಗುರುತು, ಎಲ್ಲಾ ಹೇಳೀನಿ. ಕಡೀಕ ಸಿನಿಮಾ ಕೂಗಿದ ಹಳೇ ಆದತ್ ಪ್ರಕಾರ ಬಾಯಾಗ ಬಂದುಬಿಡ್ತು. ಇಂದೇ ನೋಡಿರಿ, ಭರ್ಜರಿ ಪ್ರದರ್ಶನ, ಹೆಂಗಸರಿಗೆ ಪ್ರತ್ಯೇಕ ಜಾಗ, ಫೈಟಿಂಗ್ ಅದ ಅಂತ."

"ಫೈಟಿಂಗ್ ಯಾರ ಜೋಡಿ?"

"ಅದು ನೀವೇ ನೋಡ್ಕೊಬೇಕ್ರಿ," ಅಂದರು.

೫. ತುಂಬಿದ ಸಭೆ

ಕೊನೆಯ ಸಭೆ ನನ್ನನ್ನು ನಿಲ್ಲಿಸಿದ ಆ ಕಟ್ಟಕಡೆಯ ಊರಲ್ಲಿ. ಬಿಸಿಲು ಬಹಳ. ಊರಲ್ಲಿ ನೆರಳಿದ್ದದ್ದು ಕಾಲುವೆಗೆ ಕಟ್ಟಿದ ಸೇತುವೆಯ ಕೆಳಗೆ ಮಾತ್ರ. ಹೇಗೂ ಒಣ ಕಾಲುವೆ. ಅದರೊಳಗೇ ಸಭೆ ಮಾಡೋಣ ಎಂದರು ಹಿರಿಯರು. ನನಗೂ ಅದು ಸರಿ ಎನಿಸಿತು. ಒಣ ಕಾಲುವೆಯಲ್ಲಿ ನಿಂತು ನೀರು ಕೇಳುವುದಕ್ಕಿಂತ ದೊಡ್ಡ ಭಾಷಣ ಇನ್ನೇನಿದೆ?

ಊರಿಗೆ ಊರೇ ಬಂದು ಕಾಲುವೆಯೊಳಗೆ ಕೂತಿತು. ನಾನು ಒಂದು ಡಬ್ಬಿಯ ಮೇಲೆ ನಿಂತೆ. ಗಡಿಯಾರದ ಸಾಹೇಬರು ಮೈಕಿನ ಪೆಟ್ಟಿಗೆ ಬಗಲಲ್ಲಿ ಇಟ್ಟುಕೊಂಡು ಕೂತರು. ಅವತ್ತು ನನ್ನ ಮಾತು ನನಗೇ ಹಿಡಿಸುವಂತೆ ಬರುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. "ಈ ಕಲ್ಲು ನೋಡ್ರಿ," ಅಂದೆ. "ಈ ಕಲ್ಲು ಹಾಕಿದಾಗಿಂದ ಇದರ ಮ್ಯಾಲ ಒಂದು ಹನಿ ನೀರು ಹರದದೇನ್ರಿ?"

"ಇಲ್ರಿ," ಅಂದಿತು ಇಡೀ ಸಭೆ.

"ಯಾವ ಸರ್ಕಾರ ಬಂದ್ರೂ ಇಲ್ಲಿಗಿ ನೀರು ಬಂದದೇನ್ರಿ?"

ಈ ಸಲ ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಕಾಲುವೆಯ ತಿರುವಿನಲ್ಲಿ ಒಣಗಿದ ಎಲೆ, ಕಸ, ಯಾರದೋ ಹಳೆಯ ಚಪ್ಪಲಿ ತೇಲಿಸಿಕೊಂಡು ಕೆಂಪು ನೀರು ಮೆಲ್ಲಗೆ ಬರುತ್ತಿತ್ತು. ಮೇಲೆ ಯಾರು ಯಾರಿಗೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಓಟಿಗೆ ಎರಡು ದಿನ ಇರುವಾಗ ನೀರು ಬಿಟ್ಟಿದ್ದರು.

ಒಬ್ಬಳು ಎದ್ದು, "ಸಲಿಕಿ ತರ್ರಿ," ಅಂದಳು. ಅಷ್ಟೇ. ಇಡೀ ಸಭೆ ಎದ್ದು ಕಾಲುವೆ ಹತ್ತಿ ಹೊಲದ ಕಡೆ ಓಡಿತು. ಮುದುಕರು ಓಡಿದರು, ಕೂಸು ಬಗಲಲ್ಲಿದ್ದವರು ಓಡಿದರು. ಸಾಹೇಬರು ಮೈಕಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ದಡ ಸೇರಿದರು. ನಾನು ಡಬ್ಬಿಯ ಮೇಲೆಯೇ ಇದ್ದೆ. ನೀರು ಡಬ್ಬಿ ಸುತ್ತುವರಿಯಿತು, ಆಮೇಲೆ ನನ್ನ ಪಾದ ಮುಟ್ಟಿತು. ತಣ್ಣಗಿತ್ತು. ಸುಳ್ಳು ಯಾಕೆ ಹೇಳಲಿ, ಸೋತೆನೆಂದು ಆಗಲೇ ತಿಳಿಯಿತು, ಆದರೂ ಇಳಿಯಲು ಮನಸ್ಸಾಗಲಿಲ್ಲ. ಅಷ್ಟು ವರ್ಷ ಒಣಗಿದ ಹೊಲಕ್ಕೆ ಅವರು ಬದು ಕಡಿದು ನೀರು ಹಾಯಿಸುವುದನ್ನು ಅಲ್ಲಿಂದಲೇ ನೋಡುತ್ತ ನಿಂತೆ.

ಹಿರಿಯರು ಸಲಿಕೆ ಹೆಗಲ ಮೇಲೆ ಇಟ್ಟುಕೊಂಡು ದಡದ ಮೇಲೆ ಹೋಗುವಾಗ ನನ್ನನ್ನು ಕಂಡು ನಿಂತರು.

"ಮಾತು ಛಲೋ ಇತ್ರಿ ಸಾಹೇಬ್ರ," ಅಂದರು. "ಉಳದದ್ದು ನೀರು ನಿಂತ ಮ್ಯಾಲ ಕೇಳ್ತೀವಿ."

೬. ಗುಪ್ತ ಮತದಾನ

ಓಟಿನ ದಿನ ನಾನೂ ನನ್ನ ಹೆಂಡತಿಯೂ ಕೂಡಿಯೇ ಸಾಲೆಗೆ ಹೋಗಿ ಓಟು ಹಾಕಿ ಬಂದೆವು. ಮನೆಗೆ ಬಂದು ಊಟಕ್ಕೆ ಕೂತಾಗ ಸುಮ್ಮನೆ ಮಾತಿಗೆ, "ಬಕೀಟ ಎಷ್ಟನೇ ಸಾಲಿನ್ಯಾಗಿತ್ತು, ಲಗೂನ ಸಿಕ್ತಿಲ್ಲೋ?" ಅಂದೆ.

"ಯಾರಿಗಿ ಹಾಕ್ದಿ ಅಂತ ಹೇಳಬಾರದು ಅಂದಾರ," ಅಂದಳು.

"ಅದು ಬ್ಯಾರೇದವ್ರಿಗಿ. ನನಗ ಹೇಳಾಕ ಏನು?"

"ಅಲ್ಲಿ ಕೂತ ಮಾಸ್ತರು ಗಂಡಗೂ ಹೇಳಬಾರದು ಅಂದ್ರು. ರೊಟ್ಟಿ ಹಾಕ್ಲೇನು?"

ಇದಾಗಿ ಎಷ್ಟೋ ವರ್ಷವಾದವು. ಸರ್ಕಾರಗಳು ಬಂದವು, ಹೋದವು. ಅವಳು ಇನ್ನೂ ಹೇಳಿಲ್ಲ.

೭. ಒಂದು ಓಟು

ಸೋತೆ. ಅದರ ಬಗ್ಗೆ ದುಃಖವೇನೂ ಇರಲಿಲ್ಲ. ದುಃಖವಾದದ್ದು ಎಣಿಕೆಯ ಟೇಬಲ್ಲಿನ ಮುಂದೆ ಕೂತಿದ್ದ ಗಡಿಯಾರದ ಸಾಹೇಬರು ಬಂದು ಹೇಳಿದ ಸುದ್ದಿಯಿಂದ. ಕಟ್ಟಕಡೆಯ ಊರಿನ ಪೆಟ್ಟಿಗೆಯಲ್ಲಿ ನನಗೆ ಬಿದ್ದದ್ದು ಒಂದೇ ಓಟು. ನಿಲ್ಲರಿ ಅಂತ ಮನೆಗೆ ಬಂದವರೇ ಹನ್ನೆರಡು ಮಂದಿ ಇದ್ದರು. ಆ ಹನ್ನೆರಡರಲ್ಲಿ ಹನ್ನೊಂದು ಎಲ್ಲಿ ಹೋದವು? ನಾಲ್ಕು ದಿನ ಅನ್ನ ರುಚಿಸಲಿಲ್ಲ. ಇನ್ನು ಆ ಊರಿನ ಎಮ್ಮೆ ಸತ್ತರೂ ಹೋಗುವುದಿಲ್ಲ ಅಂತ ಶಪಥ ಮಾಡಿದೆ.

ಸುಗ್ಗಿ ಮುಗಿದ ಮೇಲೆ ಹಿರಿಯರು ಬಂದರು. ಒಂದು ಚೀಲ ಶೇಂಗಾ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದರು. "ನೀರು ನಾಕು ಸಲ ಬಂತ್ರಿ. ಹಿಂಗ ಬೆಳಿ ಎಂದೂ ಬಂದಿದ್ದಿಲ್ಲ. ಎಲ್ಲಾ ನಿಮ್ಮಿಂದ," ಅಂದರು.

ನಾನು ಮುಖ ಬೇರೆ ಕಡೆ ತಿರುಗಿಸಿದೆ. "ನನ್ನಿಂದ ಅಂತೀರಿ, ಓಟು ಯಾರಿಗಿ ಹಾಕಿದ್ರಿ?"

"ನಿಮಗ ಹಾಕಿಲ್ರಿ," ಅಂದರು ಅವರು. ಮುಚ್ಚುಮರೆ ಇಲ್ಲ. "ಊರೆಲ್ಲ ಗುಡಿಯಾಗ ಕೂತು ಮಾತಾಡಿದ್ವಿ. ನೀವು ನಿಂತ್ರಿ, ಅವ್ರಿಗಿ ಹೆದರಿಕಿ ಆತು, ನೀರು ಬಂತು. ನೀವೇ ಗೆದ್ದುಬಿಟ್ರ ಆಮ್ಯಾಲ ಅವ್ರನ್ನ ಹೆದರಸವ್ರು ಯಾರ್ರಿ? ಅದಕ್ಕ ನಿಮ್ಮನ್ನ ಹಂಗೇ ಇಟ್ಕೊಬೇಕು ಅಂತ ಠರಾವು ಆತು."

ನನಗೆ ಸಿಟ್ಟು ಬಂತು. ಆ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಒಳಗೆ ಹೆಂಡತಿ ನಗುವುದು ಕೇಳಿಸಿತು. ಕೊನೆಗೆ ನಾನೂ ನಕ್ಕೆ.

ಅವರು ಮಾತ್ರ ನಗಲಿಲ್ಲ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಏನೋ ಮನಸ್ಸಿನಲ್ಲಿ ಕೊರೆಯುತ್ತಿರುವಂತೆ ಕಂಡಿತು. "ಮುಂದಿನ ಸಲಾನೂ ನಿಲ್ಲಬೇಕ್ರಿ ಸಾಹೇಬ್ರ," ಅಂದರು. "ಈ ಸಲ ನಮ್ಮಿಂದ ಒಂದು ತಪ್ಪಾಗ್ಯದ. ಆ ಒಂದು ಓಟು ಯಾರು ಹಾಕ್ಯಾರ ಅಂತ ಪತ್ತಾ ಹಚ್ಚಾಕತ್ತೀವಿ. ಮತ್ತೊಮ್ಮಿ ಹಂಗ ಆಗದಂಗ ನಾ ನಿಂತು ನೋಡ್ಕೋತೀನಿ."