ಚೋಲ್ಗನ ಬಾಯಿಗೆ ಬನ್ನು

ಹಂದಿಕೊಬ್ಬು ಬೆರೆಸಿದ ಹಿಟ್ಟನ್ನು ನಾದುತ್ತಿದ್ದ ಎರ್ಮಿನಿಯಳ ಕೈ ಅರ್ಧದಲ್ಲೇ ನಿಂತಿತು. ಹೊಸ್ತಿಲಾಚೆ ಮಲಗಿದ್ದ ಚೋಲ್ಗ ನಿದ್ದೆಯಲ್ಲೇ ಒಮ್ಮೆ ಬೊಗಳಿತ್ತು. ಅವಳು ಉಸಿರು ಬಿಗಿಹಿಡಿದು ಗೋಡೆಯಾಚೆ ಕಿವಿಗೊಟ್ಟಳು. ಪಕ್ಕದ ಮನೆಯ ದೋನ್ ಎಲಿಯೋದೊರೊ ಕೆಮ್ಮಲಿಲ್ಲ. ಕನಸಿನಲ್ಲಿ ಬೊಗಳಿದ್ದು ಲೆಕ್ಕಕ್ಕಿಲ್ಲವೇನೋ ಎಂದುಕೊಂಡು ಮತ್ತೆ ನಾದತೊಡಗಿದಳು.

ಲೆಕ್ಕಕ್ಕಿದ್ದದ್ದು ಮಧ್ಯಾಹ್ನದ ಬೊಗಳು. ಗ್ಯಾಸ್ ಲಾರಿ ಬಂದಾಗಲೆಲ್ಲ ಈ ನಾಯಿ ಬೆಟ್ಟವನ್ನೇ ಎಬ್ಬಿಸುತ್ತದೆ ಎಂದು ಹಿಂದಿನ ಸಂಜೆ ಓಣಿಯ ಸಭೆಯಲ್ಲಿ ದೂರು ಬಂದಿತ್ತು. ಸಭೆಯ ಅಧ್ಯಕ್ಷ ಎಲಿಯೋದೊರೊ. ದೂರು ಕೊಟ್ಟವನೂ ಅವನೇ, ತೀರ್ಪು ಕೊಟ್ಟವನೂ ಅವನೇ. ಇವತ್ತು ಲಾರಿ ಬಂದಾಗ ಚೋಲ್ಗ ಒಂದು ಸಲ ಬಾಯಿ ಬಿಟ್ಟರೂ ಸಾಕು, ನಾಳೆ ಬೆಳಿಗ್ಗೆ ಅದು ಕಿಯೋತಾದಲ್ಲಿರುವ ಅವನ ಭಾವಮೈದುನನ ಕೋಳಿಫಾರ್ಮಿಗೆ ಹೋಗಬೇಕು. ಅಲ್ಲಿ ಸರಪಳಿಯೂ ಸಿದ್ಧವಾಗಿತ್ತು.

ಹಾಗೆ ನೋಡಿದರೆ ಚೋಲ್ಗ ಯಾರ ನಾಯಿಯೂ ಅಲ್ಲ. ಬಂದರೂರು ವಲ್ಪರೈಸೊದ ಬೆಟ್ಟಗಳಲ್ಲಿ ಮೆಟ್ಟಿಲ ಓಣಿಗೊಂದು ನಾಯಿ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಒಬ್ಬರು ಮೂಳೆ ಹಾಕುತ್ತಾರೆ, ಇನ್ನೊಬ್ಬರು ಚಳಿಗೆ ಮೊಮ್ಮಗನ ಹಳೆಯ ಸ್ವೆಟರ್ ತೊಡಿಸುತ್ತಾರೆ. ಮುದ್ದಾಗಿ ಬಾಲ ಆಡಿಸಿದಾಗ ಅದು ಎಲ್ಲರ ನಾಯಿ. ತಪ್ಪು ಮಾಡಿದಾಗ ಮಾತ್ರ ಯಾರ ಹೊಸ್ತಿಲಲ್ಲಿ ಮಲಗುತ್ತದೋ ಅವರದು.

ಮೊದಲ ತಟ್ಟೆ ಬನ್ನು ಒಲೆಯಿಂದ ಹೊರಬರುವಷ್ಟರಲ್ಲಿ ನಾಯಿಗೆ ಪಾಠ ಹೇಳುವ ಗುರುಗಳೆಲ್ಲ ನೆರೆದಿದ್ದರು. ಹಡಗಿನ ಅಡುಗೆಯವನಾಗಿ ನಿವೃತ್ತನಾದ ದೋನ್ ಬಾಲ್ದೊ ಕಬ್ಬಿಣದ ಸೌಟು ತಂದಿದ್ದ. ಗ್ಯಾಸಿನವರು ಸಲಾಕೆಯಿಂದ ಸಿಲಿಂಡರ್ ಬಡಿಯುತ್ತಾ ಕೆಳಗಿನ ರಸ್ತೆಯಲ್ಲಿ ಹೋಗುತ್ತಾರಲ್ಲ, ಯಾರಾದರೂ ಕೂಗಿ ಕರೆದರೆ ಮಾತ್ರ ನಿಲ್ಲುತ್ತಾರಲ್ಲ, ಆ ಸದ್ದನ್ನು ಇಲ್ಲೇ ಮಾಡಿ ನಾಯಿಗೆ ಅಭ್ಯಾಸ ಮಾಡಿಸಬೇಕೆಂಬುದು ಅವನ ಯೋಜನೆ. ಎದುರುಮನೆಯ ನಿದಿಯ ಎಂಬಾಕೆ ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ ಹಿಡಿದು ಬಂದಳು. ನ್ಯಾಯ ನೋಡಬೇಕಾದ ಎಲಿಯೋದೊರೊನೂ ತಡೆಯಲಾರದೆ ಪತ್ರಿಕೆ ಸುರುಳಿ ಸುತ್ತಿಕೊಂಡು ಬಂದ.

ಬಾಲ್ದೊ ಎರ್ಮಿನಿಯಳ ಹೆಚ್ಚಿನ ಖಾಲಿ ಸಿಲಿಂಡರನ್ನು ಸೌಟಿನಿಂದ ಬಡಿದ. ಚೋಲ್ಗ ಬೊಗಳಿತು. ಒಬ್ಬರು ಸುಮ್ನಿರು ಎಂದರು, ಒಬ್ಬರು ಕೂತ್ಕೋ ಎಂದರು, ಇನ್ನೊಬ್ಬರು ಇಲ್ಲಿ ಬಾ ಎಂದರು. ನಾಯಿ ಕೂತಿತು, ಎದ್ದಿತು, ಬಂದಿತು, ಬೊಗಳಿತು. ನಿದಿಯಳ ನೀರು ಅಧ್ಯಕ್ಷನ ಕನ್ನಡಕಕ್ಕೆ ಬಿತ್ತು. ಕಣ್ಣು ಕಾಣದ ಅಧ್ಯಕ್ಷ ಬೀಸಿದ ಪತ್ರಿಕೆ ಬಾಲ್ದೊನ ಕಿವಿಗೆ ಬಿತ್ತು. ತನಗಾಗಿಯೇ ಹಬ್ಬ ಮಾಡುತ್ತಿದ್ದಾರೆಂದು ಚೋಲ್ಗ ಖುಷಿಯಿಂದ ಇನ್ನಷ್ಟು ಬೊಗಳಿತು. ಮರುಕ ಉಕ್ಕಿದ ನಿದಿಯ ಅದನ್ನು ತಬ್ಬಿಕೊಂಡು, ಹೆದರಬೇಡ ಬಂಗಾರ ಎಂದು ಮುದ್ದಿಸಿದಳು.

"ಬೊಗಳಿದ್ದಕ್ಕೇ ತಬ್ಕೊಂಡ್ರೆ, ಬೊಗಳೋದೇ ಸರಿ ಅಂತ ಕಲಿಯುತ್ತೆ ಅಲ್ವಾ," ಎಂದಳು ಎರ್ಮಿನಿಯ. ಯಾರಿಗೂ ಕೇಳಿಸಲಿಲ್ಲ.

ಅವಳ ದನಿಯೇ ಅಷ್ಟು. ಗಂಡ ಕುಸ್ತೋದಿಯೊ ಬಂದರಿನಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುತ್ತಿದ್ದ. ಪಾತ್ರೆಯ ಮುಚ್ಚಳವನ್ನು ಹತ್ತಿಯಂತೆ ಇಳಿಸುವುದನ್ನು, ಸೀನು ಬಂದರೆ ಅಂಗಳಕ್ಕೆ ಓಡುವುದನ್ನು ಅವಳು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು. "ನಮ್ಮನೇಲಿ ಹೆಂಗಸಿದಾಳೆ ಅಂತಾನೇ ಗೊತ್ತಾಗಲ್ಲ," ಎಂದು ಅವನು ನೆಂಟರೆದುರು ಹೊಗಳಿದಾಗ ಅವಳ ಮುಖ ಅರಳುತ್ತಿತ್ತು. ಅವನು ತೀರಿಹೋಗಿ ವರ್ಷಗಳಾದವು. ಮುಚ್ಚಳ ಇನ್ನೂ ಸದ್ದಿಲ್ಲದೆ ಇಳಿಯುತ್ತಿತ್ತು.

ಎಲ್ಲರೂ ದಣಿದು ಕೂತಾಗ ಅವಳು ಬಿಸಿಬನ್ನೊಂದನ್ನು ಮುರಿದು, ಇನ್ನೊಮ್ಮೆ ಬಡಿಯಿರಿ ಎಂದು ಬಾಲ್ದೊಗೆ ಸನ್ನೆ ಮಾಡಿದಳು. ಸೌಟು ಬಿತ್ತು. ಬೊಗಳು ಗಂಟಲಿನಿಂದ ಹೊರಡುವ ಮೊದಲೇ ಚೋಲ್ಗನ ಬಾಯಿಗೆ ಬನ್ನಿನ ತುಂಡು ಹೋಯಿತು. ನಾಯಿ ಅಚ್ಚರಿಯಿಂದ ಅಗಿಯಿತು. ಮತ್ತೆ ಬಡಿತ, ಮತ್ತೆ ಬನ್ನು. ಊಟದ ಹೊತ್ತಿಗೆ ಸೌಟು ಮೇಲೆದ್ದರೆ ಸಾಕು, ಚೋಲ್ಗ ಬಾಯಿ ಮುಚ್ಚಿ ಪೂಜ್ಯ ಬಿಷಪ್ಪರಂತೆ ಕೂತು ಅವಳ ಕೈ ನೋಡತೊಡಗಿತು. ಹೊಟ್ಟೆ ಸ್ವೆಟರಿನ ಹೊಲಿಗೆ ಬಿಚ್ಚುವಷ್ಟು ಉಬ್ಬಿತ್ತು.

ಎರಡನೆಯ ತಟ್ಟೆ ಅರ್ಧ ಬೇಯುವಾಗ ಅವಳ ಗ್ಯಾಸ್ ಮುಗಿಯಿತು. ನಿದಿಯಳ ಹುರುಳಿಯೂ ಅರ್ಧ ಬೆಂದು ನಿಂತಿತ್ತು. ಎಲಿಯೋದೊರೊ ಮಾತ್ರ ಉಳಿದ ಚೂರು ಗ್ಯಾಸಿನಲ್ಲಿ ಸ್ನಾನ ಮುಗಿಸಿ, ಶುಭ್ರನಾಗಿ ತೀರ್ಪು ಕೊಡುತ್ತೇನೆಂದು ಒಳಗೆ ಹೋದ. ಉತ್ತರದ ಗಾಳಿ ತಗಡಿನ ಗೋಡೆಗಳನ್ನು ಗಡಗಡ ಅಲುಗಿಸುತ್ತಿತ್ತು. ಓಣಿಯ ಪರದೆಗಳ ಹಿಂದೆಲ್ಲ ಕಣ್ಣುಗಳಿದ್ದವು, ಎಲ್ಲವೂ ನಾಯಿಯ ಮೇಲೆ.

"ಲಾರಿ ಬರೋ ಮುಂಚೆ ಇನ್ನೊಂದೇ ಸಲ, ದೋನ್ಯ ಎರ್ಮಿನಿಯ," ಎಂದ ಬಾಲ್ದೊ. ಸೌಟು ಟಣ್ ಟಣ್ ಎಂದಿತು.

ಈ ಸಲ ಚೋಲ್ಗ ಬಾಲ್ದೊನನ್ನು ನೋಡಲಿಲ್ಲ. ಎದ್ದು ನಿಂತು ಕೆಳಗಿನ ರಸ್ತೆಯ ತಿರುವಿನತ್ತ ಕಿವಿ ನಿಮಿರಿಸಿತು. ಅದರ ಗಂಟಲು ನಡುಗಿತು. ಏನೋ ಕೇಳುವಂತೆ ಎರ್ಮಿನಿಯಳ ಮುಖ ನೋಡಿತು. ಸರಪಳಿ ನೆನಪಾಗಿ ಅವಳು ಇದ್ದುದರಲ್ಲೇ ದೊಡ್ಡ ತುಂಡನ್ನು ಬಾಯಿಗಿಟ್ಟಳು. ಚೋಲ್ಗ ನುಂಗಿತು. ಕೂತಿತು. ಮುಂಗಾಲನ್ನು ಅವಳ ಚಪ್ಪಲಿಯ ಮೇಲಿಟ್ಟು ಸುಮ್ಮನಾಯಿತು.

ಆಗ ಎಲಿಯೋದೊರೊ ಟವೆಲು ಸುತ್ತಿಕೊಂಡು, ತಲೆತುಂಬ ನೊರೆ ಹೊತ್ತು ಹೊರಗೆ ಬಂದ. ಹಾಲು ಉಕ್ಕಿದ ಪಾತ್ರೆಯಂತಿದ್ದ. "ಮಧ್ಯದಲ್ಲಿ ಗ್ಯಾಸ್ ಹೋಯ್ತು. ಎಲ್ರೀ ಲಾರಿ?"

ಬಾಲ್ದೊ ಸೌಟಿನಿಂದಲೇ ಕೆಳಗೆ ತೋರಿಸಿದ. ಲಾರಿ ಅವರ ಓಣಿಯನ್ನು ದಾಟಿ, ಬಂದರಿನತ್ತ ಇಳಿಯುವ ಕೊನೆಯ ತಿರುವಿನಲ್ಲಿತ್ತು. ಮುಂದೆ ರಜೆಗಳು, ಮಂಗಳವಾರದವರೆಗೆ ಇನ್ನೊಂದು ಲಾರಿಯಿಲ್ಲ.

"ಸದ್ದೇ ಕೇಳ್ಲಿಲ್ವಲ್ಲ," ಎಂದ ಬಾಲ್ದೊ, ಸೌಟನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡುತ್ತಾ.

"ಈ ಗಾಳೀಲಿ ನಮಗೆ ಯಾವತ್ತು ಕೇಳಿತ್ತು?" ಎಂದಳು ನಿದಿಯ. "ನಾಯಿ ಬೊಗಳ್ತಿತ್ತು, ಬೈಯೋಕೆ ಅಂತ ಆಚೆ ಬರ್ತಿದ್ವಿ, ನೋಡಿದ್ರೆ ಲಾರಿ ಇರ್ತಿತ್ತು. ಇದು ಲಾರಿಗೆ ಬೊಗಳ್ತಿರ್ಲಿಲ್ಲ ಕಣ್ರೀ. ನಮ್ಮನ್ನ ಕರೀತಿತ್ತು."

ಅಧ್ಯಕ್ಷ ನೊರೆಯೊಳಗಿಂದ ಕಣ್ಣು ಬಿಟ್ಟ. "ಬೊಗಳ್ಸಿ ದೋನ್ಯ, ಬೇಗ ಬೊಗಳ್ಸಿ."

ಮೂವರೂ ನಾಯಿಯ ಮುಂದೆ ಮಂಡಿಯೂರಿ ಬೇಡಿಕೊಂಡರು. ಅಧ್ಯಕ್ಷನೇ ಎರಡು ಸಲ ಬೊಗಳಿ ತೋರಿಸಿದ. ಚೋಲ್ಗ ಬಿಗಿಯಾಗಿ ಬಾಯಿ ಮುಚ್ಚಿಕೊಂಡು, ಬನ್ನಿಗಾಗಿ ಎರ್ಮಿನಿಯಳ ಕೈ ನೋಡಿತು.

ಎರ್ಮಿನಿಯ ಮೆಟ್ಟಿಲ ತುದಿಗೆ ಓಡಿದಳು. ಬಾಯಿ ತೆರೆದಳು. ಹೊರಬಂದದ್ದು ಮಾತೂ ಅಲ್ಲ, ಹೆಸರೂ ಅಲ್ಲ. ಎಲ್ಲಿ ಅಡಗಿತ್ತೋ, ಹೊಟ್ಟೆಯ ತಳದಿಂದ ಹೊರಟ ಒಂದೇ ಉದ್ದನೆಯ ಕೂಗು. ತಗಡಿನ ಮಾಡಿನಿಂದ ಪಾರಿವಾಳಗಳು ಎದ್ದವು. ಕೆಳಗೆ ಲಾರಿಯ ಹಿಂದಿನ ಕೆಂಪು ದೀಪ ಹತ್ತಿತು.

ಲಾರಿ ಹಿಂದಕ್ಕೆ ಬಂತು, ಎಲ್ಲರ ಮನೆಗೂ ಸಿಲಿಂಡರ್ ಹತ್ತಿತು. ಒಣಗಿದ ನೊರೆಯನ್ನು ಕೆರೆದುಕೊಳ್ಳುತ್ತಾ ಎಲಿಯೋದೊರೊ ನಿಂತಲ್ಲೇ ಹೊಸ ತೀರ್ಪು ಕೊಟ್ಟ. ನಾಯಿ ಕಿಯೋತಾಗೆ ಹೋಗುವುದು ಬೇಡ. ಆದರೆ ಉಪಯೋಗಕ್ಕೆ ಬರುತ್ತಿದ್ದ ಪ್ರಾಣಿಯನ್ನು ಕೆಡಿಸಿದವಳು ದೋನ್ಯ ಎರ್ಮಿನಿಯ. ಅದು ಮತ್ತೆ ಬೊಗಳುವವರೆಗೆ ಗ್ಯಾಸ್ ಬರುವ ದಿನಗಳಲ್ಲೆಲ್ಲ ಅವಳೇ ಮೆಟ್ಟಿಲ ತುದಿಯಲ್ಲಿ ನಿಂತು, ಲಾರಿ ಕಂಡ ಕೂಡಲೇ ಕೂಗಬೇಕು. ಇಷ್ಟಾಗಿ ನಾಯಿ ಅವಳದೇ ಅಲ್ಲವೇ? ಎಲ್ಲರೂ ಹೌದೆಂದರು. ಅವಳು ಎಂದಿನಂತೆ ತಲೆತಗ್ಗಿಸಿ, ಆಗಲಿ ಎಂದಳು.

ಸಂಜೆ ಅವಳು ಚಹಾಕ್ಕೆ ನೀರಿಟ್ಟಾಗ ಚೋಲ್ಗ ಹೊಸ್ತಿಲು ದಾಟಿ ಒಳಗೆ ಬಂತು. ಎಲ್ಲೋ ಬಚ್ಚಿಟ್ಟಿದ್ದ, ಮಣ್ಣು ಮೆತ್ತಿದ ಬನ್ನಿನ ತುಂಡೊಂದನ್ನು ಅವಳ ಚಪ್ಪಲಿಯ ಬಳಿ ಇಟ್ಟು ಮುಖ ನೋಡಿತು. ಮಧ್ಯಾಹ್ನ ಅಷ್ಟು ಜೋರಾಗಿ ಕೂಗಿದೆಯಲ್ಲ, ತಗೋ, ಇನ್ನು ಸುಮ್ಮನಿರು ಎನ್ನುವಂತೆ. ಅವಳು ಕೂತಲ್ಲೇ ನಕ್ಕು ಅದರ ತಲೆ ಸವರಿದಳು.

ಕಿಟಕಿಯಾಚೆಯಿಂದ ನಿದಿಯ ಕೂಗಿ ಹೇಳಿದಳು, "ನಾಳೆಯಿಂದ ಬೊಗಳೋದು ಕಲಿಸೋಣ, ನಾನೂ ಬರ್ತೀನಿ."

"ಬನ್ನಿ," ಎಂದಳು ಎರ್ಮಿನಿಯ. "ಆದ್ರೆ ಇದು ಸ್ವಲ್ಪ ಮಂದ, ನಿದಿಯ. ತುಂಬಾ ದಿನ ಹಿಡಿಬಹುದು."

ಎಷ್ಟು ದಿನ ಎಂಬುದನ್ನು ಅವಳು ಆಗಲೇ ನಿರ್ಧರಿಸಿಯಾಗಿತ್ತು. ಗಂಟಲಲ್ಲಿ ಇನ್ನೂ ಆ ಕೂಗಿನ ಬಿಸುಪಿತ್ತು. ಚೋಲ್ಗನನ್ನು ಒಳಗೇ ಬಿಟ್ಟುಕೊಂಡು ಬಾಗಿಲು ಮುಚ್ಚಿದಳು. ಚಹಾದ ಪಾತ್ರೆಯ ಮುಚ್ಚಳವನ್ನು ಎತ್ತಿ, ಕೈಯಷ್ಟು ಎತ್ತರದಿಂದ ಹಾಗೇ ಬಿಟ್ಟಳು. ಅದು ಟಣ್ಣೆಂದು ಬಿತ್ತು.

ಚೋಲ್ಗ ಒಂದು ಕಿವಿ ಎತ್ತಿತು, ಸುಮ್ಮನಿತ್ತು.