ಹಸಿರು ಟ್ರಕ್ಕಿನ ಬಲಗಡೆ ಸೀಟು

ಆರ್ಲೆನ್‌ನ ಫಜೀತಿಗೆಲ್ಲ ಮೂಲ ಇಷ್ಟೆ: ಅವನು ಲವಾನ್‌ಳನ್ನು ಎರಡು ಸಲ ಕೇಳಿದ್ದ, ಮೂರನೆಯ ಸಲ ಕೇಳಿರಲಿಲ್ಲ.

ನಮ್ಮ ಮಿನೆಸೋಟದ ಕಡೆ ಯಾರು ಏನು ಕೊಡಲು ಬಂದರೂ ಮೊದಲ ಸಲ "ಬೇಡ ಬೇಡ" ಅನ್ನಬೇಕು. ಎರಡನೆಯ ಸಲ "ನಿಮಗ್ಯಾಕೆ ತೊಂದರೆ" ಅನ್ನಬೇಕು. ಮೂರನೆಯ ಸಲ "ಸರಿ, ಇಷ್ಟು ಹೇಳೋದಾದ್ರೆ" ಎಂದು ಒಪ್ಪಿಕೊಳ್ಳಬೇಕು. ಕಾಫಿಗೂ ಇದೇ ನಿಯಮ, ಮದುವೆಗೂ ಇದೇ ನಿಯಮ. ಮೊದಲ ಸಲಕ್ಕೇ ಹೂಂ ಅಂದವನು ನಾಚಿಕೆಗೆಟ್ಟವನು. ಎರಡೇ ಸಲ ಕೇಳಿ ಬಿಟ್ಟವನು ಬರೀ ಬಾಯುಪಚಾರದವನು.

ಆರ್ಲೆನ್ ಊರಿನ ಧಾನ್ಯದ ಉಗ್ರಾಣದಲ್ಲಿ ತೂಕ ಮಾಡಿ ನಿವೃತ್ತನಾದ ಬ್ರಹ್ಮಚಾರಿ. ಯಾರದೋ ಹೊಲದಂಚಿನ ಮರಗಳ ನಡುವೆ ಅರ್ಧ ಹೂತುಹೋಗಿದ್ದ, ಎಂಜಿನ್ನಿನೊಳಗೆ ಇಲಿಗಳು ಸಂಸಾರ ಹೂಡಿದ್ದ ಹಳೇ ಕಾಲದ ಟ್ರಕ್ಕೊಂದನ್ನು ಎಳೆದು ತಂದಿದ್ದ. ವರ್ಷಗಟ್ಟಲೆ ತುಕ್ಕು ಉಜ್ಜಿ, ಊರೂರು ತಿರುಗಿ ಬಿಡಿಭಾಗ ಹುಡುಕಿ, ಹಸಿರು ಬಣ್ಣ ಹೊಡೆದು ಅದನ್ನು ಮದುಮಗಳ ಹಾಗೆ ಮಾಡಿದ್ದ. ಜನ ಅದನ್ನು ಹವ್ಯಾಸ ಎಂದರು. ನಿಜ ಹೇಳಬೇಕೆಂದರೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಟ್ರಕ್ಕಿನ ಹತ್ತಿರವಾದರೆ ಬೈದುಕೊಂಡಾದರೂ ಮಾತಾಡಬಹುದಿತ್ತು. ಅದರ ಉದ್ದನೆಯ ಸೀಟಿಗೆ ಹೊಸ ಚರ್ಮ ಹೊಲಿಸಿದ್ದ. ಎಡಗಡೆ, ಸ್ಟೇರಿಂಗಿನ ಹಿಂದೆ, ತಾನು ಕೂತು ಕೂತು ತಗ್ಗು ಬಿದ್ದಿತ್ತು. ಬಲಗಡೆ ಹೊಲಿಸಿದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡಿತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಅಳು ಬಂದಂತಾಗುತ್ತಿತ್ತು.

ಈವತ್ತು ಮೆಕ್ಕೆಜೋಳದ ಹಬ್ಬದ ಮೆರವಣಿಗೆ. ಹಳೆಯ ಟ್ರ್ಯಾಕ್ಟರು, ಹಳೆಯ ಟ್ರಕ್ಕುಗಳೆಲ್ಲ ಹೊರಡುತ್ತವೆ. ತನ್ನ ಪಕ್ಕದಲ್ಲಿ ಲೈಬ್ರರಿಯ ಲವಾನ್ ಕೂರಬೇಕು, ಅಷ್ಟೇ ಅವನ ಆಸೆ. ಸೋಮವಾರ ಲೈಬ್ರರಿಯಲ್ಲಿ ಕೇಳಿದ. "ಬೇಡ ಬೇಡ" ಅಂದಳು. ನಿನ್ನೆ ಚರ್ಚಿನ ಕಾಫಿಯ ಹೊತ್ತಿನಲ್ಲಿ ಕೇಳಿದ. "ನಿಮಗ್ಯಾಕೆ ತೊಂದರೆ" ಅಂದಳು. ಕೆಲಸ ಇಷ್ಟು ಸಲೀಸಾಗಿ ನಡೆಯುತ್ತಿದೆಯಲ್ಲ ಎಂದು ಆರ್ಲೆನ್‌ಗೆ ಸಂತೋಷದಿಂದ ನಿದ್ದೆಯೇ ಬರಲಿಲ್ಲ.

ಬೆಳಿಗ್ಗೆ ಟ್ರಕ್ಕಿನ ಬಾನೆಟ್ ಎತ್ತಿ, ಕೋಲು ಕೊಟ್ಟು ನಿಲ್ಲಿಸಿ, ಎಂಜಿನ್ನು ಒರೆಸುತ್ತಿದ್ದ. ಪಕ್ಕದ ಮನೆಯ ಡುವೇನ್ ಕಾಫಿ ಲೋಟ ಹಿಡಿದು ಬಂದ. ಡುವೇನ್‌ಗೆ ಎಂಜಿನ್ನಿನ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಅವನ ಹುಲ್ಲು ಕತ್ತರಿಸುವ ಯಂತ್ರ ಮಾತ್ರ ಯಾವತ್ತೂ ಶುರುವಾಗುವುದಿಲ್ಲ.

"ಏನೋ, ಷರ್ಟಿಗೆ ಇಸ್ತ್ರಿ ಬೇರೆ! ಯಾರನ್ನ ಕೂರಿಸ್ಕೋತೀಯ?"

"ಯಾರಿಲ್ಲಪ್ಪ."

"ಲವಾನ್ ತಾನೆ? ಇಡೀ ಚರ್ಚಿಗೆ ಗೊತ್ತು ಮಾರಾಯ. ಮೂರನೇ ಸಲ ಕೇಳಿದ್ಯಾ?"

"ಈಗ ಹೋಗಿ ಕೇಳ್ಬೇಕು."

"ಹಾಗಾದ್ರೆ ಇಲ್ಲೇನು ಎಂಜಿನ್ ಸವರ್ತಾ ನಿಂತಿದೀಯ? ಈ ಕೋಲು ಯಾಕಿಲ್ಲಿ?" ಎಂದು ಡುವೇನ್ ಕೋಲನ್ನು ತೆಗೆದ. ಬಾನೆಟ್ ಆರ್ಲೆನ್‌ನ ಬಲಗೈ ಮೇಲೆ ಧೊಪ್ಪೆಂದು ಬಿತ್ತು.

ಅವನು ಕಿರುಚಿದ್ದಕ್ಕೆ ಡುವೇನ್‌ನ ಹೆಂಡತಿ ಡೆಲೋರಿಸ್ ಓಡಿಬಂದಳು. ಮುರಿದಿಲ್ಲ, ಊದಿದೆ ಎಂದು ಹೇಳಿ ಪಾತ್ರೆ ಒರೆಸುವ ಬಟ್ಟೆಗಳನ್ನೆಲ್ಲ ಸುತ್ತಿದಳು. ಕೈ ಬ್ರೆಡ್ಡಿನ ದೊಡ್ಡ ತುಂಡಿನ ಹಾಗಾಯಿತು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಲವಾನ್ ಗದ್ದಲ ಕೇಳಿ ಒಳಗೆ ಬಂದಳು. ದೇವರೇ ಕಳಿಸಿದ ಹಾಗೆ!

"ಲವಾನ್, ಈವತ್ತು ಮೆರವಣಿಗೇಲಿ..." ಎಂದು ಆರ್ಲೆನ್ ಶುರು ಮಾಡಿದ.

"ಮೊದಲು ಐಸ್ ಇಡ್ಬೇಕು," ಎಂದು ಅವಳು ಡೆಲೋರಿಸ್ ಜೊತೆ ಅಡುಗೆಮನೆಗೆ ಓಡಿದಳು. ಐಸ್ ತಂದು ಇಟ್ಟಾಗ ಅವನು ಮತ್ತೆ ಬಾಯಿ ತೆರೆದ. "ಮಾತಾಡ್ಬೇಡಿ, ನೋವು ಜಾಸ್ತಿಯಾಗುತ್ತೆ," ಅಂದಳು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಕೇಳಿದ್ದೇವೆ. ಇಲ್ಲಿ ದೇವರೇ ಬಾಯಿ ಮುಚ್ಚಿಸುತ್ತಿದ್ದ.

ಡುವೇನ್‌ಗೆ ತಡೆಯಲಾಗಲಿಲ್ಲ. "ಲವಾನ್, ಅವನ ಟ್ರಕ್ಕಲ್ಲಿ ಬರ್ತೀರೋ ಇಲ್ವೋ?"

"ಸರಿ, ಇಷ್ಟು ಹೇಳೋದಾದ್ರೆ," ಎಂದು ಲವಾನ್ ಕೆಂಪಗಾದಳು.

ಆರ್ಲೆನ್ ಡುವೇನ್‌ನನ್ನು ಮೂಲೆಗೆ ಎಳೆದ. "ನಾನು ಕೇಳ್ಬೇಕಿತ್ತು ಕಣೋ!"

"ನೀನೆರಡು, ನಾನೊಂದು. ಒಟ್ಟು ಸರಿಹೋಯ್ತಲ್ಲ? ಅದಿರ್ಲಿ, ಈ ಕೈಲಿ ಗೇರ್ ಹೇಗೆ ಹಾಕ್ತೀಯ? ನಾನು ಓಡಿಸ್ಲಾ?"

"ಬೇಡ ಬೇಡ."

"ನಾನೇ ಓಡಿಸ್ತೀನಿ ಬಿಡು."

"ನಿನಗ್ಯಾಕೆ ತೊಂದರೆ."

"ಕೊಡೋ ಕೀಲಿಕೈ!"

ಮೂರನೆಯ ಸಲವೂ ಇಲ್ಲ ಅಂದರೆ ನಮ್ಮೂರಲ್ಲಿ ಮೊಮ್ಮಕ್ಕಳ ಕಾಲದವರೆಗೆ ಹಗೆ. ಆರ್ಲೆನ್ ಕೀಲಿಕೈ ಕೊಟ್ಟ. ಹೋಗಲಿ, ಸೀಟಿನಲ್ಲಿ ಮೂವರಿಗೆ ಜಾಗವಿದೆ, ಪಕ್ಕದಲ್ಲಿ ಕೂತರಾಯಿತು ಎಂದು ಸಮಾಧಾನ ಮಾಡಿಕೊಂಡ.

ಶಾಲೆಯ ಮುಂದೆ ಮೆರವಣಿಗೆ ಸಾಲುಗಟ್ಟಿತು. ಡುವೇನ್ ಸ್ಟೇರಿಂಗ್ ಹಿಡಿದ. ಲವಾನ್ ಹತ್ತಿ ಕೂತು, ಬಾಗಿಲು ತೆರೆದೇ ಹಿಡಿದಳು.

"ಆರ್ಲೆನ್, ಹತ್ತಿ. ಜಾಗ ಇದೆ."

"ಬೇಡ ಬೇಡ," ಎಂದಿತು ಅವನ ಬಾಯಿ. ಅರವತ್ತು ದಾಟಿದ ಬಾಯಿ, ಯಜಮಾನನನ್ನು ಕೇಳುವ ಅಭ್ಯಾಸ ಅದಕ್ಕಿರಲಿಲ್ಲ.

"ಅಯ್ಯೋ ಬನ್ನಿ, ನಾನು ಸರ್ಕೋತೀನಿ." ಅವಳು ನಿಜವಾಗಿಯೂ ಸರಿದು, ಆ ಉಬ್ಬಿದ ಸೀಟನ್ನು ಅಂಗೈಯಿಂದ ತಟ್ಟಿದಳು.

"ನಿಮಗ್ಯಾಕೆ ತೊಂದರೆ," ಎಂದು ಆರ್ಲೆನ್ ಎಡಗೈಯಿಂದ ಷರ್ಟು ಸರಿಮಾಡಿಕೊಂಡು ನಿಂತ. ಇನ್ನೊಂದೇ ಸಲ.

ಹಿಂದುಗಡೆ ಶಾಲೆಯ ಬ್ಯಾಂಡು ಒಮ್ಮೆಲೇ ಬಾರಿಸತೊಡಗಿತು. ಲವಾನ್‌ಳ ತುಟಿ ಅಲುಗಿದ್ದು ಕಂಡಿತು, ಏನೆಂದು ಕೇಳಿಸಲಿಲ್ಲ. ಮುಂದಿನ ಟ್ರ್ಯಾಕ್ಟರ್ ಹೊರಟಿದ್ದನ್ನಷ್ಟೇ ನೋಡಿದ ಡುವೇನ್ ಕ್ಲಚ್ ಬಿಟ್ಟ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

"ಸರಿ, ಇಷ್ಟು ಹೇಳೋದಾದ್ರೆ," ಎಂದು ಆರ್ಲೆನ್ ಹೊಗೆಗೆ ಹೇಳಿದ.

ಟ್ರಕ್ಕು ಒಂದೇ ಒಂದು ಸಲ ಕೆಮ್ಮಿ ನಿಂತಿದ್ದರೂ ಓಡಿಹೋಗಿ ಹತ್ತಬಹುದಿತ್ತು. ಅವನು ಅಷ್ಟು ವರ್ಷ ಜೀವ ತೇದು ರಿಪೇರಿ ಮಾಡಿದ ಎಂಜಿನ್ನು, ಎಲ್ಲಿ ಕೆಮ್ಮುತ್ತದೆ? ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು.

ಆರ್ಲೆನ್ ಹಿತ್ತಲ ದಾರಿಗಳಲ್ಲಿ ಏದುಸಿರು ಬಿಡುತ್ತ ಓಡಿ, ಮೆರವಣಿಗೆಗಿಂತ ಮೊದಲೇ ದೊಡ್ಡ ಬೀದಿ ತಲುಪಿದ. ರಸ್ತೆಯ ಎರಡೂ ಬದಿಗೆ ಊರಿನವರು ಮಡಚು ಕುರ್ಚಿ ಹಾಕಿಕೊಂಡು ಸಂಸಾರ ಸಮೇತ ಕೂತಿದ್ದರು. ಒಬ್ಬನೇ ನಿಂತಿದ್ದವನು ಅವನೊಬ್ಬನೇ. ಕೈ ಸಿಡಿಯುತ್ತಿತ್ತು, ಕೈಗಿಂತ ಹೆಚ್ಚು ಇನ್ನೇನೋ ನೋಯುತ್ತಿತ್ತು.

ಎಂಬತ್ತು ದಾಟಿದ, ಸೊಂಟ ನೋವಿನ ಗುಡ್ರುನ್ ಅಜ್ಜಿ ಅವನನ್ನು ನೋಡಿ ಕೋಲೂರಿ ಎದ್ದಳು. "ಏನೋ ಆರ್ಲೆನ್, ಕೈಗೆ ಏಟು ಮಾಡ್ಕೊಂಡು ನಿಂತೇ ಇದೀಯಲ್ಲೋ. ಬಾ, ನನ್ನ ಕುರ್ಚೀಲಿ ಕೂತ್ಕೋ."

ಬೇಡ ಅಂದು ಅಂದು ಕಳೆದುಕೊಂಡದ್ದು ಇನ್ನೂ ಕಣ್ಣ ಮುಂದೆಯೇ ಇತ್ತು. ಸಾಕಪ್ಪಾ ಈ ನಿಯಮ ಅನ್ನಿಸಿತು ಅವನಿಗೆ. "ಆಗ್ಲಿ ಅಜ್ಜಿ," ಎಂದು ಕೂತೇಬಿಟ್ಟ.

ಅಕ್ಕಪಕ್ಕದವರ ಬಾಯಲ್ಲಿದ್ದ ಜೋಳ ಬಾಯಲ್ಲೇ ಉಳಿಯಿತು. ಎರಡು ಸಲ ಬೇಡ ಅನ್ನುತ್ತಾನೆ, ಅಷ್ಟರಲ್ಲಿ ಕೂತರಾಯಿತು ಎಂದುಕೊಂಡಿದ್ದ ಅಜ್ಜಿ ಕಕ್ಕಾಬಿಕ್ಕಿಯಾಗಿ ಕೋಲಿನ ಮೇಲೆ ಬಾಗಿ ನಿಂತಳು. ಆರ್ಲೆನ್‌ಗೆ ಆಗ ಬುದ್ಧಿ ಬಂತು. ಅರ್ಧ ಎದ್ದು, "ನೀವೇ ಕೂತ್ಕೊಳ್ಳಿ ಅಜ್ಜಿ," ಎಂದ.

"ಬೇಡ ಬೇಡ," ಅಂದಳು ಅಜ್ಜಿ.

"ಇಲ್ಲ, ಕೂತ್ಕೊಳ್ಳಿ."

"ನಿನಗ್ಯಾಕೆ ತೊಂದರೆ." ಅಜ್ಜಿ ಅವನ ಭುಜ ಅದುಮಿ ಮತ್ತೆ ಕೂರಿಸಿದಳು.

ಅವನು ಮೂರನೆಯ ಸಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹಸಿರು ಟ್ರಕ್ಕು ಎದುರಿಗೇ ಬಂತು. ಲವಾನ್ ಕಿಟಕಿಯಿಂದ ತಲೆ ಹೊರಹಾಕಿ ಜನರ ನಡುವೆ ಯಾರನ್ನೋ ಹುಡುಕುತ್ತಿದ್ದಳು. ಆರ್ಲೆನ್ ಕಂಡ. ನಗುತ್ತ ಕೈ ಎತ್ತಿದಳು. ಆಮೇಲೆ ಪಕ್ಕದಲ್ಲಿ ಕೋಲೂರಿ ನಡುಗುತ್ತ ನಿಂತಿದ್ದ ಅಜ್ಜಿಯನ್ನು ನೋಡಿದಳು, ಅವಳ ಕುರ್ಚಿಯಲ್ಲಿ ಕೂತಿದ್ದ ಅವನನ್ನು ನೋಡಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿದಳು.